ಸ್ಟಿಂಗ್, ನಮ್ಮಣ್ಣ ಮತ್ತು ಒಂದು ಪೇಟಿ

ಹುಮನಾಬಾದ್‌ನಲ್ಲಿ ನಮ್ಮಣ್ಣನ ಸಿಮೆಂಟ್ ಅಂಗಡಿ ಇದೆ. ಅವನ ಗಲ್ಲಾಪೆಟ್ಟಿಗೆಯ ಮುಚ್ಚಳ ಎತ್ತಿದರೆ ಒಳಗಡೆ ಲಕ್ಷ್ಮಿ ಫೋಟೊ ಪಕ್ಕದಲ್ಲಿ ಒಂದು ಹಳೇ ಟಿಕೆಟ್ ಅಂಟಿಸಿದ್ದು ಕಾಣುತ್ತೆ. ಅಕ್ಷರ ಅರ್ಧ ಅಳಿಸಿಹೋಗಿವೆ. 2002, ಬೆಂಗಳೂರು ಅರಮನೆ ಮೈದಾನ, ರೋಜರ್ ವಾಟರ್ಸ್. ಗಿರಾಕಿಗಳು ಅದನ್ನ ಲಾಟರಿ ಟಿಕೆಟ್ ಅಂದ್ಕೊಂಡಿದ್ದಾರೆ. ‘ಹತ್ತಿತ್ತೇನ್ರಿ ಸಾವ್ಕಾರ್ರ?’ ಅಂತ ಕೇಳ್ತಾರೆ. ‘ಹತ್ತಿತ್ತು’ ಅಂತಾನೆ ಅಣ್ಣ. ಅಷ್ಟೇ.

ಅಣ್ಣ ಅಂದ್ರೆ ದೊಡ್ಡಪ್ಪನ ಮಗ. ನನಗಿಂತ ಹದಿನೈದು ವರ್ಷ ದೊಡ್ಡವನು. ಕಲಬುರಗಿಯಲ್ಲಿ ಎಂಜಿನಿಯರಿಂಗ್ ಮುಗಿಸಿ ಕೆಲಸ ಹುಡುಕಲು ಬೆಂಗಳೂರಿಗೆ ಹೋದಾಗ ಡಾಟ್‌ಕಾಮ್ ಗುಳ್ಳೆ ಒಡೆದಿತ್ತು. ಸಂದರ್ಶನಕ್ಕೆ ಕರೆಯುವವರೇ ಇಲ್ಲ. ದೊಡ್ಡಪ್ಪ ಕಳಿಸಿದ ರೂಮ್ ಬಾಡಿಗೆ ದುಡ್ಡಲ್ಲಿ ಆ ಟಿಕೆಟ್ ತಗೊಂಡ. ಹಾಸ್ಟೆಲ್‌ನಲ್ಲಿ ಕ್ಯಾಸೆಟ್ ಸವೆಯುವಷ್ಟು ಕೇಳಿದ್ದ ಪಿಂಕ್ ಫ್ಲಾಯ್ಡ್‌ನ ಮನುಷ್ಯ ಸ್ವತಃ ಬಂದಾನ ಅಂದ್ರೆ ಬಾಡಿಗೆ ಯಾವ ಲೆಕ್ಕ? ವಾಟರ್ಸ್ 1985ರಲ್ಲೇ ಆ ಬ್ಯಾಂಡ್ ಬಿಟ್ಟಿದ್ದ. ಹೆಸರು ಯಾರದು ಅಂತ ಜಗಳ ಕೋರ್ಟಿಗೂ ಹೋಗಿತ್ತು. ಬಿಟ್ಟ ಹದಿನೇಳು ವರ್ಷಕ್ಕೆ ನಮ್ಮ ಬೆಂಗಳೂರಿಗೆ ಬಂದು, ಬಿಟ್ಟ ಬ್ಯಾಂಡಿನ ಹಾಡುಗಳನ್ನೇ ಹಾಡಿದ. ಮುಂದಿನ ವರ್ಷ ದೊಡ್ಡಪ್ಪನಿಗೆ ಲಕ್ವ ಹೊಡೀತು, ಅಣ್ಣ ಅಂಗಡಿಗೆ ವಾಪಸ್ ಬಂದ. ಟಿಕೆಟ್ ಅವನ ಜೊತೆ ಬಂತು.

ಹೀಗಾಗಿ 2024ರ ಜನವರಿಯಲ್ಲಿ ಮುಂಬೈಗೆ ಸ್ಟಿಂಗ್ ಬರ್ತಾನೆ ಅಂತಾದಾಗ, ಜೊತೆಗೆ ಬರಬೇಕಿದ್ದ ಆಫೀಸಿನ ಗೆಳೆಯ ಕೈಕೊಟ್ಟಾಗ, ನನಗೆ ಹೊಳೆದದ್ದು ಒಂದೇ ಹೆಸರು. ವೀರಭದ್ರೇಶ್ವರ ಜಾತ್ರೆ, ಗಣರಾಜ್ಯೋತ್ಸವ, ಶನಿವಾರ-ಭಾನುವಾರ ಎಲ್ಲ ಒಂದಕ್ಕೊಂದು ಅಂಟಿಕೊಂಡ ರಜೆ. ಊರಿಗೆ ಬಂದಿದ್ದೆ. ಕೇಳಿದೆ.

‘ನಾ ಯಾಕ್ ಬರ್ಲಿ ತಮ್ಮಾ? ನಾ ಈಗ ಹಾಡೋದೂ ಬಿಟ್ಟೀನಿ, ಕೇಳೋದೂ ಬಿಟ್ಟೀನಿ.’

ಅದು ನಿಜ. ಊರಿಗೆ ಬಂದ ಮೇಲೆ ಅಣ್ಣ ಬಸವಕಲ್ಯಾಣದ ನಮ್ಮ ಓಣಿಯ ಭಜನಾ ಮಂಡಳಿ ಸೇರಿದ್ದ. ಪ್ರತಿ ಸೋಮವಾರ ಅಂಗಡಿ ಬಾಗಿಲು ಹಾಕಿ, ಹುಮನಾಬಾದ್‌ನಿಂದ ಬೈಕ್ ಮೇಲೆ ಬಂದು, ರಾತ್ರಿ ಹನ್ನೊಂದರ ತನಕ ವಚನ, ತತ್ವಪದ ಹಾಡಿ ಹೋಗ್ತಿದ್ದ. ಪೇಟಿ ಮೇಲೆ ಅವನ ಬಾಲ್ಯದ ದೋಸ್ತ್, ಹೈಸ್ಕೂಲ್ ಮಾಸ್ತರ್. (ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅಂತಾರೆ, ಬೆಂಗಳೂರು ಓದುಗರಿಗೆ ತಿಳಿದಿರಲಿ.) ಹದಿನೈದು-ಹದಿನಾರು ವರ್ಷ ಇಬ್ಬರೂ ಹೆಗಲಿಗೆ ಹೆಗಲು ತಾಗಿಸಿ ಕೂತವರು. 2021ರಲ್ಲಿ ಏನಾಯ್ತೋ, ಅಣ್ಣ ಮಂಡಳಿ ಬಿಟ್ಟ. ಮಾಸ್ತರ್ ಹೆಸರು ಎತ್ತಿದರೆ ಎದ್ದು ಹೋಗ್ತಿದ್ದ. ಸಣ್ಣ ಊರಿನ ಭಜನಾ ಮಂಡಳಿಯ ಜಗಳ, ಮೈಕ್ ಯಾರ ಮುಂದೆ ಇಡಬೇಕು ಅನ್ನೋದಿರಬಹುದು ಅಂತ ನಾನು ತಿಳ್ಕೊಂಡಿದ್ದೆ.

ವೈನಿ ಒಳಗಿಂದ ಬಂದು ‘ಹೋಗ್ರಿ, ಎರಡು ದಿವ್ಸ ಮನ್ಯಾಗ ಶಾಂತಿ ಇರ್ತದ’ ಅಂದರು. ಅಲ್ಲಿಗೆ ತೀರ್ಮಾನವಾಯ್ತು.

ನಮ್ಮ ಕಡೆಯವರಿಗೆ ಮುಂಬೈ ದೂರವಲ್ಲ. ಹೈದರಾಬಾದ್-ಮುಂಬೈ ಬಸ್‌ಗಳು ನಮ್ಮ ಹೈವೇ ಮೇಲೇ ಹೋಗುತ್ತವೆ. ರಾತ್ರಿ ಹುಮನಾಬಾದ್‌ನಲ್ಲಿ ಹತ್ತಿದರೆ ಬೆಳಗ್ಗೆ ಮುಂಬೈ. ಬಸ್ಸಿನಲ್ಲಿ ನಾನು ಓದಿಕೊಂಡಿದ್ದನ್ನೆಲ್ಲ ಅಣ್ಣನಿಗೆ ಒಪ್ಪಿಸಿದೆ. ಸ್ಟಿಂಗ್‌ನ ಅಸಲಿ ಹೆಸರು ಗಾರ್ಡನ್ ಸಮ್ನರ್. ಇಂಗ್ಲೆಂಡಿನ ಹಡಗು ಕಟ್ಟುವ ಊರು ವಾಲ್ಸೆಂಡ್‌ನವನು. ಅಪ್ಪ ಹಾಲು ಹಾಕುತ್ತಿದ್ದವನು. ಹಾಡುಗಾರನಾಗುವ ಮುಂಚೆ ಮಾಸ್ತರಿಕೆ ಮಾಡಿದವನು. ಕಪ್ಪು-ಹಳದಿ ಪಟ್ಟೆಯ ಜೆರ್ಸಿ ಹಾಕ್ತಿದ್ದ ಅಂತ ಜೇನುಹುಳದ ಕೊಂಡಿಯ ಹೆಸರು ಬಿತ್ತು. 1977ರಲ್ಲಿ ಲಂಡನ್‌ನಲ್ಲಿ ಶುರುವಾದ ‘ದಿ ಪೊಲೀಸ್’ ಬ್ಯಾಂಡಿನಲ್ಲಿ ಮೂರೇ ಜನ. ಸ್ಟಿಂಗ್, ಗಿಟಾರ್ ಮೇಲೆ ಆಂಡಿ ಸಮ್ಮರ್ಸ್, ಡ್ರಮ್ಸ್ ಮೇಲೆ ಸ್ಟುವರ್ಟ್ ಕೋಪ್‌ಲ್ಯಾಂಡ್. ಐದು ಆಲ್ಬಮ್. ಕೊನೆಯದನ್ನು ಮಾಂಟ್ಸೆರಾಟ್ ಅನ್ನೋ ದ್ವೀಪದ ಸ್ಟುಡಿಯೊದಲ್ಲಿ ರೆಕಾರ್ಡ್ ಮಾಡುವ ಹೊತ್ತಿಗೆ ಮೂವರೂ ಮೂರು ಕೋಣೆಯಲ್ಲಿ ಕೂತು ನುಡಿಸುತ್ತಿದ್ದರು. ಡ್ರಮ್ಸ್ ಊಟದ ಕೋಣೆಯಲ್ಲಿ!

‘ಮೂರೇ ಮಂದಿ, ಆದ್ರೂ ಕೂಡಿ ಇರ್ಲಾಕ ಆಗ್ಲಿಲ್ಲೇನು?’ ಅಂದ ಅಣ್ಣ. ಆಮೇಲೆ ಸೋಲಾಪುರದವರೆಗೂ ಮಾತಾಡಲಿಲ್ಲ.

ಭಾನುವಾರ, ಜನವರಿ 28. ಮಹಾಲಕ್ಷ್ಮಿ ರೇಸ್‌ಕೋರ್ಸ್, ಲೊಲ್ಲಾಪಲೂಜಾ. ಕೈಗೆ ಕಟ್ಟಿದ ಪಟ್ಟಿಗೆ ದುಡ್ಡು ತುಂಬಿಸಿ ಅದರಿಂದಲೇ ನೀರು, ವಡಾಪಾವ್ ಎಲ್ಲ ಕೊಳ್ಳಬೇಕು. ಮುಖಕ್ಕೆ ಮಿನುಗು ಹಚ್ಚಿಕೊಂಡ ಹುಡುಗ-ಹುಡುಗಿಯರ ನಡುವೆ ಇಸ್ತ್ರಿ ಮಾಡಿದ ಬಿಳಿ ಫುಲ್‌ಶರ್ಟ್ ಹಾಕ್ಕೊಂಡು ಅಣ್ಣ. ಒಂದು ಸುತ್ತು ನೋಡಿ ಹೇಳಿದ್ದು: ‘ಜಾತ್ರಿನೇ ಬಿಡು. ತೇರೊಂದ ಇಲ್ಲ.’

ಇದೇ ಮುಂಬೈಗೆ 1980ರ ಮಾರ್ಚ್‌ನಲ್ಲಿ ಸ್ಟಿಂಗ್ ಬಂದಿದ್ದ. ಆಗ ಮೂವರೂ ಇದ್ದರು. ಧೋಬಿ ತಲಾವ್ ಹತ್ತಿರದ ರಂಗಭವನ ಅನ್ನೋ ಬಯಲು ರಂಗಮಂದಿರದಲ್ಲಿ ಪೊಲೀಸ್ ಬ್ಯಾಂಡ್ ನುಡಿಸಿತ್ತು. ಮುಂಬೈನ ಹಳಬರು ಅದನ್ನ ಈಗಲೂ ಹೇಳ್ತಾರೆ. ನಾವು ನಿಂತಿದ್ದು ನಲವತ್ನಾಲ್ಕು ವರ್ಷ ತಡವಾಗಿ.

ಕತ್ತಲಾದ ಮೇಲೆ ಆತ ಬಂದ. ಎಪ್ಪತ್ತೆರಡು ವಯಸ್ಸು. ಬಣ್ಣ ಕಿತ್ತುಹೋದ ಹಳೇ ಬೇಸ್ ಗಿಟಾರ್ ಹೆಗಲಿಗೆ. ಕುಣಿತವಿಲ್ಲ, ಕೂಗಾಟವಿಲ್ಲ. ಮನೆಗೆ ಬಂದ ನೆಂಟರ ಮುಂದೆ ಹಾಡೋ ಹಾಗೆ ಶುರು ಹಚ್ಚಿಕೊಂಡ. ನಿಜ ಹೇಳಬೇಕೆಂದರೆ ಮೊದಲ ಹದಿನೈದು ನಿಮಿಷ ನನಗೆ ನಿರಾಸೆಯಾಯ್ತು. ನಾನು ಇಯರ್‌ಫೋನ್‌ನಲ್ಲಿ ಕೇಳುವುದು ಇಪ್ಪತ್ತೆಂಟರ ಹುಡುಗನ ದನಿ, ಗಂಟಲು ಹರಿದುಹೋಗುವಂಥದ್ದು. ಇದು ಬೇರೆ. ಎತ್ತರದ ಜಾಗ ಬಂದಾಗ ಒಮ್ಮೊಮ್ಮೆ ಮೈಕ್ ಜನರ ಕಡೆ ಬಿಡುತ್ತಾನೆ. ಸಾವಿರಾರು ಮಂದಿ ಎತ್ತಿಕೊಳ್ಳುತ್ತಾರೆ.

ನಾನು ಗೊಣಗಿದೆ. ಅಣ್ಣ ತಿರುಗಿ ನೋಡಿದ. ‘ಪಟ್ಟಿ ಮುಟ್ಟಲ್ಲ ಅಂತ ಗೊತ್ತಿದ್ದವನೇ ಹಂಗ ಹಾಡ್ತಾನ. ಉಸಿರು ಎಲ್ಲಿ ತಗೋತಾನ ನೋಡು. ಒಂದು ಕಡೀನೂ ತುಂಡಾಗ್ಲಾಕತ್ತಿಲ್ಲ.’ ಆಮೇಲೆ ನಾನೂ ಉಸಿರು ನೋಡತೊಡಗಿದೆ. ಬೇಸ್ ನುಡಿಸುತ್ತ ಹಾಡುವುದು ಸುಲಭವಲ್ಲವಂತೆ. ಬೆರಳು ಒಂದು ತಾಳ ಹಿಡಿದಿರುತ್ತೆ, ನಾಲಿಗೆ ಇನ್ನೊಂದು. ಅಣ್ಣ ತನ್ನ ತೊಡೆ ಮೇಲೆ ತಾಳ ಹಾಕಿ ತೋರಿಸಿದ. ಮೂರು ವರ್ಷದ ನಂತರ ಆ ಕೈ ತಾಳ ಹಾಕಿದ್ದನ್ನು ನಾನು ನೋಡಿದ್ದು ಅಲ್ಲೇ.

ಹಾಡುಗಳು ಬಂದವು, ಹೋದವು. ‘ರೋಕ್ಸಾನ್’ ಬಂತು. ಕೊನೆಕೊನೆಗೆ ‘ಎವ್ರಿ ಬ್ರೆತ್ ಯು ಟೇಕ್’.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಹಾಡು ಶುರುವಾಗೋದು ಸ್ಟಿಂಗ್ ದನಿಯಿಂದ ಅಲ್ಲ. ಗಿಟಾರಿನ ಬಿಡಿಬಿಡಿ ಸ್ವರಗಳಿಂದ, ಅಂಗಳದಲ್ಲಿ ಯಾರೋ ಹೆಜ್ಜೆ ಎಣಿಸುತ್ತ ನಡೆದ ಹಾಗೆ. ಆ ಸ್ವರಗಳು ಕೇಳಿದ ಮರುಕ್ಷಣ ಮೈದಾನ ಪೂರ್ತಿ ಕೂಗಿತು. ಸ್ಟಿಂಗ್ ಇನ್ನೂ ಬಾಯಿ ತೆರೆದಿರಲಿಲ್ಲ. 1983ರಲ್ಲಿ ಅಮೆರಿಕದಲ್ಲಿ ಎಂಟು ವಾರ ನಂಬರ್ ಒನ್ ಆಗಿದ್ದ ಹಾಡದು. ಆ ಗಿಟಾರ್ ಸಾಲು ಹೊಂದಿಸಿದವನು ಆಂಡಿ ಸಮ್ಮರ್ಸ್. ಆದರೆ ಹಾಡು ಬರೆದವರು ಅನ್ನೋ ಜಾಗದಲ್ಲಿ ಇರೋದು ಸ್ಟಿಂಗ್ ಹೆಸರೊಂದೇ. 1997ರಲ್ಲಿ ಪಫ್ ಡ್ಯಾಡಿ ಆ ಗಿಟಾರಿನ ತುಣುಕನ್ನೇ ಎತ್ತಿಕೊಂಡು ಇನ್ನೊಂದು ಹಾಡು ಮಾಡಿದ, ಅದೂ ನಂಬರ್ ಒನ್ ಆಯ್ತು. ಎತ್ತಿಕೊಂಡದ್ದು ಸಮ್ಮರ್ಸ್ ನುಡಿಸಿದ ಸಾಲು, ಹಾಡು ಬರೆದವನ ಪಾಲು ಸ್ಟಿಂಗ್‌ಗೆ. ಇದನ್ನೆಲ್ಲ ನಾನು ಕಿವಿಯಲ್ಲಿ ಕೂಗಿ ಕೂಗಿ ಅಣ್ಣನಿಗೆ ಹೇಳ್ತಿದ್ದೆ, ಟ್ರಿವಿಯಾ ಅಂತ. ನನ್ನ ತಲೆಯಲ್ಲಿ ಅದು ಅಷ್ಟೇ ಆಗಿತ್ತು.

ಅಣ್ಣನ ತಾಳ ನಿಂತಿತ್ತು. ವೇದಿಕೆಯಲ್ಲಿ ಬೇರೆ ಯಾರೋ ಆ ಸಾಲನ್ನು ನುಡಿಸುತ್ತಿದ್ದರು, ಒಂದು ಸ್ವರ ಆಚೀಚೆ ಆಗದ ಹಾಗೆ. ಅಣ್ಣ ಹಾಡುಗಾರನನ್ನು ಬಿಟ್ಟು ಆ ಗಿಟಾರಿನವನನ್ನೇ ನೋಡುತ್ತ ನಿಂತಿದ್ದ.

ರಾತ್ರಿಯೇ ವಾಪಸ್ ಬಸ್ ಹಿಡಿದೆವು. ಬೆಳಗ್ಗೆ ಸೋಲಾಪುರದಲ್ಲಿ ಚಹಾಕ್ಕೆ ನಿಂತಾಗ ಅಣ್ಣ ಕೇಳಿದ: ‘ನೀ ಆ ವಿಡಿಯೊ ಹಾಕಿದ್ದಿ ನೋಡು. ಅದರ ಕೆಳಗ ಏನ್ ಬರೆದಿ, ನೆನಪದೇನು?’

ನೆನಪಿರಲಿಲ್ಲ. 2021ರಲ್ಲಿ ಲಾಕ್‌ಡೌನ್, ವರ್ಕ್ ಫ್ರಮ್ ಹೋಮ್ ಅಂತ ಊರಲ್ಲಿದ್ದಾಗ ಮಂಡಳಿಯ ಒಂದು ವಚನ ರೆಕಾರ್ಡ್ ಮಾಡಿ ಯೂಟ್ಯೂಬ್‌ಗೆ ಹಾಕಿದ್ದೆ. ಫೋನ್ ತೆಗೆದು ನೋಡಿದೆ. ಡಿಸ್ಕ್ರಿಪ್ಷನ್‌ನಲ್ಲಿ ಎರಡೇ ಸಾಲು. ಗಾಯನ ಅಂತ ಅಣ್ಣನ ಹೆಸರು. ರಾಗ ಸಂಯೋಜನೆ ಅಂತ ಮತ್ತೆ ಅಣ್ಣನ ಹೆಸರು.

‘ಆ ಧಾಟಿ ಅವಂದು’ ಅಂದ ಅಣ್ಣ. ‘ಶುರುವಿಗೆ ಪೇಟಿ ಬರ್ತದಲ್ಲ, ಆ ತುಣುಕು ಮೊದ್ಲು ಹುಟ್ಟಿದ್ದು. ಒಂದು ತಿಂಗಳು ಅದನ್ನೇ ನುಡಿಸ್ಕೋತ ಕುಂತಿದ್ದ. ನಾ ಅದರ ಮ್ಯಾಲ ವಚನ ಕೂಡಿಸ್ದೆ, ಅಷ್ಟೇ. ಅಂವ ಕೇಳ್ದ, ನನ್ನ ಹೆಸರು ಯಾಕಿಲ್ಲಂತ. ಹುಡುಗ ಬರೆದಾನ, ಅದಕ್ಕೇನ್ ಮಾಡ್ಬೇಕು ಅಂದೆ. ತಿದ್ದಿಸು ಅಂದ. ಮಂದಿ ಮುಂದ ಅಂದ. ನನಗ ಸಿಟ್ಟು ಬಂತು.’

‘ನಂಗ್ಯಾಕ ಹೇಳ್ಲಿಲ್ಲ ಅಣ್ಣಾ? ಎರಡು ನಿಮಿಷದ ಕೆಲಸ.’

‘ಅದಕ್ಕೇ ಹೇಳ್ಲಿಲ್ಲ.’

ದಿನವೂ ಕೋಡ್‌ನಲ್ಲಿ ಯಾರು ಯಾವ ಸಾಲು ಬರೆದರು ಅಂತ ಹೆಸರು, ತಾರೀಖು, ನಿಮಿಷ ಸಮೇತ ದಾಖಲಾಗುವ ಕೆಲಸ ನನ್ನದು. ನನ್ನ ಕಮಿಟ್ ಬೇರೆಯವರ ಹೆಸರಲ್ಲಿ ಹೋದರೆ ಮ್ಯಾನೇಜರ್‌ಗೆ ಮೇಲ್ ಬರೀತೀನಿ. ಆ ವಚನದ ಪೇಟಿ ತುಣುಕನ್ನ ನಾನು ಸಣ್ಣವನಿದ್ದಾಗಿಂದ ಗುನುಗಿದ್ದೆ. ಅದು ಯಾರದು ಅಂತ ಒಮ್ಮೆಯೂ ಕೇಳಿರಲಿಲ್ಲ. ದನಿ ಯಾರದೋ ಹಾಡೂ ಅವರದೇ ಅಂತ ಟೈಪ್ ಮಾಡಿ ಪಬ್ಲಿಷ್ ಒತ್ತಿದ್ದೆ.

ಬಸ್ಸಿನಲ್ಲೇ ತಿದ್ದಿದೆ. ಉಮರ್ಗಾ ಹತ್ತಿರ ನೆಟ್‌ವರ್ಕ್ ಹೋಗಿ ಬಂದು, ಸೇವ್ ಆಗಲಿಕ್ಕೆ ನಾಲ್ಕು ಸಲ ಒತ್ತಬೇಕಾಯ್ತು. ಹತ್ತು ಗಂಟೆಯ ಸ್ಟ್ಯಾಂಡ್‌ಅಪ್ ಕಾಲ್‌ನಲ್ಲಿ ‘ನಿನ್ನೆ ಏನು ಮಾಡಿದೆ, ಇವತ್ತೇನು ಮಾಡ್ತೀಯ’ ಅಂತ ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ಬಸವಕಲ್ಯಾಣಕ್ಕೆ ನಾನು ಬಂಗ್ಲಾ ಕ್ರಾಸ್‌ನಲ್ಲಿ ಇಳಿದೆ, ಅಣ್ಣ ಮುಂದೆ ಹುಮನಾಬಾದ್‌ಗೆ ಹೋದ.

ನಮ್ಮ ಊರೇ ಬಿಟ್ಟುಹೋದವರ ಊರು. ಹನ್ನೆರಡನೇ ಶತಮಾನದಲ್ಲಿ ಅನುಭವ ಮಂಟಪದಲ್ಲಿ ಕೂಡಿ ಕೂತಿದ್ದವರು ಕಲ್ಯಾಣದ ಗಲಭೆ ಹೊತ್ತಿಗೆ ದಿಕ್ಕಿಗೊಬ್ಬರಾದರು. ಬಸವಣ್ಣ ಕೂಡಲಸಂಗಮಕ್ಕೆ, ಚನ್ನಬಸವಣ್ಣ ಉಳವಿಗೆ. ಆದರೆ ವಚನಗಳಲ್ಲಿ ಒಂದು ವ್ಯವಸ್ಥೆ ಇದೆ. ಕೊನೆಗೆ ಅಂಕಿತ ಬರುತ್ತೆ. ಯಾರದು ಅಂತ ಯಾರೂ ಜಗಳ ಆಡಬೇಕಿಲ್ಲ. ಧಾಟಿಗೆ ಅಂಕಿತ ಇಲ್ಲ.

ತಿದ್ದಿದ್ದರಿಂದ ಏನೂ ಆಗಲಿಲ್ಲ. ಮಾಸ್ತರ್ ನೋಡಿದರೋ ಇಲ್ಲವೋ ತಿಳಿಯಲಿಲ್ಲ. ಅಣ್ಣ ಮಂಡಳಿಗೆ ಮರಳಲಿಲ್ಲ. ಆದರೆ ಅಂಗಡಿಯಲ್ಲಿ ಗುನುಗತೊಡಗಿದ್ದಾನೆ ಅಂತ ವೈನಿ ಫೋನಿನಲ್ಲಿ ಹೇಳಿದರು. 2025ರ ಶ್ರಾವಣದಲ್ಲಿ ಒಂದು ಸೋಮವಾರ ಹುಮನಾಬಾದ್‌ನ ಓಣಿಯ ಗುಡಿಯಲ್ಲಿ ಒಬ್ಬನೇ ಹಾಡ್ತೀನಿ ಅಂದ. ತಬಲಕ್ಕೆ ಪಕ್ಕದ ಮನೆ ಹುಡುಗ. ಪೇಟಿಗೆ ಯಾರೂ ಇಲ್ಲ, ಫೋನಿನ ತಂಬೂರಿ ಆ್ಯಪ್ ಸಾಕು ಅಂತ ನನ್ನ ಕೈಲಿ ಇನ್‌ಸ್ಟಾಲ್ ಮಾಡಿಸಿದ.

ಅವತ್ತು ಸಂಜೆ ಏಳಕ್ಕೆ ಒಂದು ಆಟೊ ಬಂದು ನಿಂತಿತು. ಮಾಸ್ತರ್ ಮಗ, ಪಿಯುಸಿ ಹುಡುಗ, ಕೆಂಪು ಬಟ್ಟೆ ಸುತ್ತಿದ ಪೇಟಿ ಇಳಿಸಿದ. ‘ಅಪ್ಪಾ ಕೊಟ್ಟು ಬಾ ಅಂದಾರ. ನೀನೇ ನುಡಿಸು ಅಂತನೂ ಅಂದಾರ.’ ಹುಡುಗನೇ ಕೂತು ನುಡಿಸಿದ. ಆ ತುಣುಕು ಅವನಿಗೆ ಬಾಯಿಪಾಠವಾಗಿತ್ತು. ಅದು ಮುಗಿದು ಅಣ್ಣ ಹಾಡು ಎತ್ತಿಕೊಳ್ಳಬೇಕಾದ ಜಾಗ ಬಂತು. ಎತ್ತಲಿಲ್ಲ. ಹುಡುಗ ಮತ್ತೆ ಮೊದಲಿಂದ ನುಡಿಸಿದ. ಎರಡನೇ ಸಲಕ್ಕೆ ಎತ್ತಿಕೊಂಡ. ಹಾಡುವ ಮುಂಚೆ ಧಾಟಿ ಯಾರದು ಅಂತ ಹೆಸರು ಹೇಳಿದ, ಮೈಕ್‌ನಲ್ಲಿ, ಮಂದಿ ಮುಂದೆ.

ಆಗಸ್ಟ್ ಕೊನೆಗೆ ಒಂದು ಸುದ್ದಿ ಬಂತು. ಸಮ್ಮರ್ಸ್ ಮತ್ತು ಕೋಪ್‌ಲ್ಯಾಂಡ್ ಇಬ್ಬರೂ ಸ್ಟಿಂಗ್ ಮೇಲೆ ರಾಯಲ್ಟಿ ವಿಚಾರಕ್ಕೆ ಲಂಡನ್ ಹೈಕೋರ್ಟಿನಲ್ಲಿ ದಾವೆ ಹೂಡಿದ್ದಾರೆ ಅಂತ. ಅಣ್ಣನಿಗೆ ಲಿಂಕ್ ಕಳಿಸಿದೆ. ನೀಲಿ ಟಿಕ್ ಬಿತ್ತು, ಉತ್ತರವಿಲ್ಲ. ರಾತ್ರಿ ಹತ್ತಕ್ಕೆ ಫೋನ್ ಬಂತು.

‘ಪೇಟಿ ಇನ್ನೂ ನಮ್ಮನ್ಯಾಗೇ ಅದ, ತಮ್ಮಾ’ ಅಂದ. ‘ಹುಡುಗ ಒಯ್ಯದೇ ಬಿಟ್ಟು ಹೋಗ್ಯಾನ. ಸೋಮವಾರ ಕೊಟ್ಟು ಬರ್ತೀನಿ. ನೀ ಊರಾಗ ಇದ್ರ ಗಾಡಿ ಹೊಡಿ. ಬೈಕ್ ಮ್ಯಾಲ ಅದು ಕೂಡಂಗಿಲ್ಲ.’