ಒಂದು ಕಾಯಿ, ಎರಡು ಬೀಜ

ದಸರಾ ರಜೆ ಮುಗಿದು ಶಾಲೆ ತೆರೆದ ದಿನ. ಕುರುಗೋಡು ಕಡೆಯಿಂದ ಬಸ್ಸಿನಲ್ಲಿ ಬಳ್ಳಾರಿಗೆ ಬರುವ ಎಂಟನೆಯ ತರಗತಿಯ ಹುಡುಗ ತೋಳು ಮುಂದೆ ಚಾಚಿ ನಿಂತ. ಅಂಗಿಯ ತುಂಬ ಮುಳ್ಳುಕಾಯಿಗಳು. "ಎಷ್ಟು ಕಿತ್ತರೂ ಬಿಡವಲ್ದು ನೋಡ್ರಿ ಸರ್. ನಮ್ಮ ಕುರಿ ಉಣ್ಣಿಯಾಗೂ ಇವೇ ಅದಾವು" ಎಂದ.

ಆ ಮುಂಗಾರಿನಲ್ಲಿ ಅವರ ಮನೆಯ ಎರಡು ಕುರಿಮರಿಗಳು ಸತ್ತಿದ್ದವು. ಕಾಲುವೆ ದಂಡೆಯಲ್ಲಿ ಆಗಷ್ಟೇ ಮೊಳೆತ ಸಸಿಗಳನ್ನು ಮೇದಿದ್ದವಂತೆ. ಯಾವ ಸಸಿ ಎಂದು ಮನೆಯವರಿಗೆ ತಿಳಿದಿರಲಿಲ್ಲ. ಉತ್ತರ ಹುಡುಗನ ತೋಳಿಗೇ ಅಂಟಿಕೊಂಡಿರಬಹುದು ಎಂದು ನನಗನ್ನಿಸಿತು.

ಇದು ಮರುಳುಮತ್ತಿ. ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ ಏಕವಾರ್ಷಿಕ ಕಳೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಕ್ಸಾಂಥಿಯಂ ಸ್ಟ್ರುಮೇರಿಯಂ. ಸಿರುಗುಪ್ಪದ ಗದ್ದೆಯ ಬದು, ಕಾಲುವೆಯ ದಂಡೆ, ಬಳ್ಳಾರಿ ನಗರದ ಖಾಲಿ ನಿವೇಶನ, ಹೀಗೆ ತೇವ ಸಿಕ್ಕಲ್ಲೆಲ್ಲ ಇಂಥ ಗಿಡ ಎದ್ದು ನಿಲ್ಲುತ್ತದೆ.

ಕಾಯಿಯನ್ನು ಭೂತಗನ್ನಡಿಯಲ್ಲಿ ನೋಡಿ. ಪ್ರತಿ ಮುಳ್ಳಿನ ತುದಿ ಕೊಕ್ಕೆಯಂತೆ ಬಾಗಿದೆ. ಕುರಿಯ ಉಣ್ಣೆ, ಎತ್ತಿನ ಬಾಲ, ನಮ್ಮ ಬಟ್ಟೆ ಎಲ್ಲವೂ ಅದಕ್ಕೆ ಬಿಟ್ಟಿ ವಾಹನ. ನೀರಿನಲ್ಲೂ ತೇಲುವುದರಿಂದ ಕಾಲುವೆಯೂ ಅದನ್ನು ಊರೂರಿಗೆ ಸಾಗಿಸುತ್ತದೆ. 1941ರಲ್ಲಿ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಜಾರ್ಜ್ ಡಿ ಮೆಸ್ಟ್ರಲ್ ತಮ್ಮ ನಾಯಿಯ ಮೈಗೆ ಅಂಟಿದ್ದ ಬೇರೊಂದು ಗಿಡದ ಇಂಥದೇ ಕೊಕ್ಕೆಕಾಯಿ ನೋಡಿ ವೆಲ್ಕ್ರೋ ಪಟ್ಟಿಯ ಯೋಚನೆ ಮಾಡಿದರು. ಇಂದು ಅದು ನಿಮ್ಮ ಚೀಲದಲ್ಲೂ ಬೂಟಿನಲ್ಲೂ ಇದೆ.

ನಿಜವಾದ ಜಾಣತನ ಇರುವುದು ಕಾಯಿಯ ಒಳಗೆ. ಅಲ್ಲಿ ಎರಡು ಕೋಣೆ, ಎರಡು ಬೀಜ. ದೊಡ್ಡದು ಸಾಮಾನ್ಯವಾಗಿ ಮೊದಲ ಮಳೆಗೇ ಮೊಳೆಯುತ್ತದೆ. ಚಿಕ್ಕದರ ಸಿಪ್ಪೆ ಆಮ್ಲಜನಕವನ್ನು ಸುಲಭವಾಗಿ ಒಳಗೆ ಬಿಡದು. ಹಾಗಾಗಿ ಅದು ಮಣ್ಣಿನಲ್ಲೇ ಮಲಗಿದ್ದು ಮುಂದಿನ ವರ್ಷವೋ ಇನ್ನೂ ತಡವಾಗಿಯೋ ಏಳುತ್ತದೆ. ಅಣ್ಣ ಬಿಸಿಲಿಗೆ ಒಣಗಿದರೂ ರೈತ ಕಿತ್ತೆಸೆದರೂ ತಮ್ಮ ವಂಶ ಉಳಿಸುತ್ತಾನೆ.

ಈಗ ಕುರಿಮರಿಗಳ ವಿಷಯ. ಈ ಬೀಜದಲ್ಲಿಯೂ ಮೊಳಕೆಯ ಮೊದಲ ಎರಡು ಉದ್ದನೆಯ ಬೀಜದಳಗಳಲ್ಲಿಯೂ ಕಾರ್ಬಾಕ್ಸಿ ಅಟ್ರಾಕ್ಟಿಲೋಸೈಡ್ ಎಂಬ ವಿಷವಿದೆ. ಜೀವಕೋಶದ ಶಕ್ತಿಕೇಂದ್ರವಾದ ಮೈಟೋಕಾಂಡ್ರಿಯದ ಕೆಲಸವನ್ನೇ ಅದು ತಡೆಯುತ್ತದೆ. ರಕ್ತದ ಸಕ್ಕರೆ ಇಳಿಯುತ್ತದೆ, ಯಕೃತ್ತು ಕೆಡುತ್ತದೆ. ಅಗಲವಾದ, ಒರಟಾದ ನಿಜ ಎಲೆಗಳು ಬಂದಂತೆ ವಿಷ ಕಡಿಮೆಯಾಗುತ್ತದೆ. ಅಂದರೆ ಗಿಡ ಎಳೆಯದಾಗಿ, ಮೃದುವಾಗಿ, ಮೇಯಲು ಚೆನ್ನಾಗಿ ಕಂಡಾಗಲೇ ಅಪಾಯ ಹೆಚ್ಚು. ಮನುಷ್ಯರಿಗೂ ಇದು ತಪ್ಪಿದ್ದಲ್ಲ. 2007ರಲ್ಲಿ ಬಾಂಗ್ಲಾದೇಶದ ಈಶಾನ್ಯ ಭಾಗದಲ್ಲಿ ಪ್ರವಾಹದಿಂದ ಆಹಾರದ ಕೊರತೆಯಾದಾಗ ಬಡವರು ಈ ಸಸಿಗಳನ್ನು ಸೊಪ್ಪಿನಂತೆ ಬೇಯಿಸಿ ತಿಂದರು. 76 ಮಂದಿ ಕಾಯಿಲೆ ಬಿದ್ದರು, ಅವರಲ್ಲಿ ಕಾಲು ಭಾಗದಷ್ಟು ಜನ ತೀರಿಕೊಂಡರು.

ಆದ್ದರಿಂದ ಪಾಲಕರೇ, ಮಳೆ ಬಿದ್ದ ಮೊದಲ ವಾರಗಳಲ್ಲಿ ಇಂಥ ಸಸಿ ಎದ್ದ ಜಾಗಕ್ಕೆ ಕರು, ಕುರಿಮರಿಗಳನ್ನು ಬಿಡಬೇಡಿ. ಗುರುತಿಲ್ಲದ ಸೊಪ್ಪನ್ನು ಅಡುಗೆಮನೆಗೆ ತರಬೇಡಿ. ಜಾನುವಾರು ಮಂಕಾದರೆ ಪಶುವೈದ್ಯರ ಬಳಿಗೆ ಒಯ್ಯಲು ತಡ ಮಾಡಬೇಡಿ.

ಮಾಡಿ ನೋಡಿ: ಹತ್ತು ಒಣಕಾಯಿಗಳನ್ನು ಹಳೆಯ ಕುಂಡದಲ್ಲಿ ಹುಗಿದು ನೀರು ಹಾಕಿ. ಎಷ್ಟು ಸಸಿ ಬಂದವು, ಬರೆದಿಡಿ. ಅವನ್ನು ಕಿತ್ತುಹಾಕಿ, ಮಣ್ಣನ್ನು ಹಾಗೆಯೇ ಇಟ್ಟು ಮುಂದಿನ ಮಳೆಗಾಲದಲ್ಲಿ ಮತ್ತೆ ಎಣಿಸಿ. ಕುಂಡ ದನಕರು, ಚಿಕ್ಕ ಮಕ್ಕಳಿಗೆ ಎಟುಕದಿರಲಿ. ಮುಟ್ಟಿದ ಮೇಲೆ ಕೈ ತೊಳೆಯಿರಿ.

ನಮ್ಮ ಹುಡುಗ ಮಾಡಿದ್ದೂ ಅದನ್ನೇ. ಮರುವರ್ಷ ಕುಂಡದಲ್ಲಿ ಸಸಿ ಕಂಡೊಡನೆ ಅಪ್ಪನನ್ನು ಕರೆದುಕೊಂಡು ಕಾಲುವೆ ದಂಡೆಗೆ ಹೋದ. ಕಾಯಿ ಕಟ್ಟುವ ಮೊದಲೇ ಇಬ್ಬರೂ ಸೇರಿ ಗಿಡಗಳನ್ನು ಬೇರುಸಹಿತ ಕಿತ್ತರು. "ಒಂದು ವರ್ಷ ಕಿತ್ತರ ಸಾಲದಪ್ಪಾ, ತಮ್ಮ ಇನ್ನೂ ಒಳಗ ಮಲಗ್ಯಾನ" ಎಂದನಂತೆ. ಆ ಮಾತು ಕೇಳಿದ ದಿನ ನನಗೆ ಪರೀಕ್ಷೆಯ ಅಂಕಗಳ ನೆನಪೇ ಆಗಲಿಲ್ಲ.