ಆಡಬೇಡ ಅನ್ನೋರು ಯಾರು?

ಈ ಸಲ ಆಟದ ಬಗ್ಗೆ ಬರೀತೀನಿ ಅಂದಾಗ ಯಾರು ಗೆದ್ದರು, ಯಾರು ಸೋತರು ಅಂತ ಬರೆಯಬಹುದು ಎಂದು ಸಂಪಾದಕ ಮಂಡಳಿಯವರು ತಿಳಿದುಕೊಂಡಿದ್ದರು. ಅದನ್ನು ಪಕ್ಕದ ಹಾಳೆಯಲ್ಲಿ ಬೇರೆಯವರು ಬರೆದಿದ್ದಾರೆ, ಓದಿಕೊಳ್ಳಿ. ನಾನು ಬರೆಯುತ್ತಿರುವುದು ಆಡುವವರ ಮೈಕೈ ಬಗ್ಗೆ. ಅದನ್ನು ನೋಡಿಕೊಳ್ಳಬೇಕಾದವರು ಯಾರು ಎಂಬುದರ ಬಗ್ಗೆ.

ಅಮೆರಿಕದ ಹೈಸ್ಕೂಲುಗಳಲ್ಲಿ ಅಥ್ಲೆಟಿಕ್ ಟ್ರೇನರ್ ಎಂಬ ಹುದ್ದೆ ಇದೆ. ಹೆಸರು ಕೇಳಿದರೆ ಓಟ ಕಲಿಸುವವರು ಅನ್ನಿಸುತ್ತೆ. ಹಾಗಲ್ಲ. ಆಟ ಕಲಿಸುವವರು ಕೋಚ್. ಟಿ.ವಿ.ಯಲ್ಲಿ ಕ್ರಿಕೆಟ್ ನೋಡುವಾಗ ಬ್ಯಾಟ್ಸ್‌ಮನ್ನಿಗೆ ಪೆಟ್ಟಾದರೆ ಚೀಲ ಹಿಡಿದು ಓಡಿ ಬರುತ್ತಾರಲ್ಲ, ಟ್ರೇನರ್ ಹೆಚ್ಚು ಕಡಿಮೆ ಅಂಥವರು. ಅವರು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಆದರೆ ಕಾಲೇಜಿನಲ್ಲಿ ಅದನ್ನೇ ಓದಿ, ಪರೀಕ್ಷೆ ಪಾಸು ಮಾಡಿ, ಡಾಕ್ಟರ ಸೂಚನೆಯಂತೆ ಕೆಲಸ ಮಾಡುವವರು. ಇವರ ಸಂಘ ಹುಟ್ಟಿದ್ದು 1950ರಲ್ಲಿ. ಇದೂ ಒಂದು ಆರೋಗ್ಯದ ವೃತ್ತಿ ಎಂದು ಅಲ್ಲಿನ ವೈದ್ಯರ ದೊಡ್ಡ ಸಂಘ ಒಪ್ಪಿದ್ದು 1990ರಲ್ಲಿ.

ಅವರ ದಿನ ಹೇಗಿರುತ್ತದೆ ಅಂದರೆ, ಸ್ಕೂಲು ಬಿಡುವ ಹೊತ್ತಿಗೆ ಮಕ್ಕಳು ಅವರ ಕೋಣೆ ಮುಂದೆ ಸಾಲು ನಿಲ್ಲುತ್ತಾರೆ. ಒಬ್ಬನಿಗೆ ಹಿಮ್ಮಡಿ ಗಂಟಿಗೆ ಪಟ್ಟಿ ಸುತ್ತಬೇಕು. ಹೋದ ತಿಂಗಳು ಮಂಡಿ ತಿರುಚಿಕೊಂಡ ಇನ್ನೊಬ್ಬಳಿಗೆ ವ್ಯಾಯಾಮ ಮಾಡಿಸಬೇಕು. ಆಮೇಲೆ ಮೈದಾನಕ್ಕೆ ಹೋಗಿ ನೀರು ಇಟ್ಟಿದ್ದಾರಾ, ಆಂಬುಲೆನ್ಸ್ ಬಂದರೆ ಯಾವ ಗೇಟಿನಿಂದ ಬರುತ್ತೆ, ಆ ಗೇಟಿನ ಬೀಗದ ಕೈ ಯಾರ ಹತ್ತಿರ ಇದೆ ಅಂತ ನೋಡುತ್ತಾರೆ. ಬೀಗದ ಕೈ ಅಂದರೆ ನಗಬೇಡಿ. ನಮ್ಮ ಮೈದಾನದ ದೊಡ್ಡ ಗೇಟಿನ ಬೀಗದ ಕೈ ಎಲ್ಲಿದೆ ಹೇಳಿ ನೋಡೋಣ?

ಇದೆಲ್ಲಾ ಸರಿ. ಆದರೆ ಅವರ ನಿಜವಾದ ಕೆಲಸ ಪಟ್ಟಿ ಸುತ್ತುವುದಲ್ಲ, "ನೀನು ಇವತ್ತು ಆಡಬೇಡ" ಅನ್ನುವುದು ಎಂಬುದು ನನ್ನ ಅಭಿಪ್ರಾಯ.

ಯಾಕೆ ಅಂತ ಹೇಳ್ತೀನಿ. ಅಲ್ಲಿನ ಫುಟ್‌ಬಾಲ್ ನಮ್ಮ ಫುಟ್‌ಬಾಲ್ ಅಲ್ಲ. ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಓಡುವುದು, ಉಳಿದವರು ಕಬಡ್ಡಿಯ ಹಾಗೆ ಹಿಡಿದು ಕೆಡವುವುದು. 2006ರಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಜಾಕರಿ ಲೈಸ್ಟೆಡ್ ಎಂಬ 13 ವರ್ಷದ ಹುಡುಗ ಇಂಥ ಆಟದಲ್ಲಿ ಬಿದ್ದ. ತಲೆ ನೆಲಕ್ಕೆ ಬಡಿಯಿತು. ಸ್ವಲ್ಪ ಹೊತ್ತು ಕೂತು ಮತ್ತೆ ಆಟಕ್ಕಿಳಿದ. ಆಟ ಮುಗಿದ ಮೇಲೆ ಕುಸಿದ. ಮಿದುಳಿನಲ್ಲಿ ರಕ್ತ ಸೋರಿತ್ತು. ಜೀವ ಉಳಿಯಿತು, ಆದರೆ ಮಾತು, ನಡಿಗೆ ಎಲ್ಲವನ್ನೂ ಮಗುವಿನ ಹಾಗೆ ಮೊದಲಿಂದ ಕಲಿಯಬೇಕಾಯಿತು. ಆ ಮನೆಯವರು ಸುಮ್ಮನೆ ಕೂರಲಿಲ್ಲ. 2009ರಲ್ಲಿ ಆ ರಾಜ್ಯ ಅವನ ಹೆಸರಿನಲ್ಲೇ ಕಾನೂನು ಮಾಡಿತು. ತಲೆಗೆ ಪೆಟ್ಟಾಗಿರಬಹುದು ಎಂಬ ಅನುಮಾನ ಬಂದರೂ ಸಾಕು, ಮಗುವನ್ನು ಆ ಕ್ಷಣವೇ ಹೊರಗೆ ಕರೆಯಬೇಕು. ಗೊತ್ತಿರುವವರು ಪರೀಕ್ಷಿಸಿ ಬರೆದುಕೊಡುವ ತನಕ ಮತ್ತೆ ಆಡಿಸಬಾರದು. 2014ರ ಹೊತ್ತಿಗೆ ಅಲ್ಲಿನ 50 ರಾಜ್ಯಗಳಲ್ಲೂ ಇಂಥ ಕಾನೂನು ಬಂತು.

ಪೆಟ್ಟು ಬಿದ್ದವನಿಗೇ ಪೆಟ್ಟು ಬಿದ್ದದ್ದು ತಿಳಿಯುವುದಿಲ್ಲ, ಇದೇ ಕಷ್ಟ. 2019ರ ಆಗಸ್ಟಿನಲ್ಲಿ ಲಾರ್ಡ್ಸ್ ಮೈದಾನದಲ್ಲಿ ಜೋಫ್ರಾ ಆರ್ಚರ್ ಹಾಕಿದ ಚೆಂಡು ಸ್ಟೀವ್ ಸ್ಮಿತ್ ಕತ್ತಿಗೆ ಬಡಿದದ್ದು ಕ್ರಿಕೆಟ್ ಹುಚ್ಚಿನ ಹುಡುಗರಿಗೆ ಗೊತ್ತೇ ಇದೆ. ಪರೀಕ್ಷೆ ಮಾಡಿದರು, ಸರಿಯಾಗಿದ್ದಾನೆ ಅನ್ನಿಸಿತು, ಬಂದು ಮತ್ತೆ ಬ್ಯಾಟ್ ಮಾಡಿದ. ಮಾರನೇ ದಿನ ತಲೆಯ ತೊಂದರೆ ಕಾಣಿಸಿತು. ಅವನನ್ನು ಕೂರಿಸಿ ಲಬುಶೇನ್‌ನನ್ನು ಇಳಿಸಿದರು. ಅಷ್ಟು ಡಾಕ್ಟರುಗಳಿರುವ ಕಡೆಯೇ ಹೀಗೆ. ಒಂದು ಹೋಬಳಿ ಮಟ್ಟದ ಕ್ರೀಡಾಕೂಟದಲ್ಲಿ ಬೇರೆ ಶಾಲೆಯ ಹುಡುಗಿಯೊಬ್ಬಳು ಖೋ ಖೋ ಕಂಬಕ್ಕೆ ಹಣೆ ಹೊಡೆದುಕೊಂಡಿದ್ದನ್ನು ನಾನೇ ನೋಡಿದೆ. ಮುಖಕ್ಕೆ ನೀರು ಚಿಮುಕಿಸಿದರು, "ಏನೂ ಆಗಿಲ್ಲ ಏಳವ್ವ" ಅಂದರು, ಒಳಗೆ ಕಳಿಸಿದರು. ಅವಳು ಎದ್ದು ನಮ್ಮ ತಂಡದ ಕಡೆ ಹೋಗಿ ಕೂತುಕೊಳ್ಳಲು ನೋಡಿದಳು. ಸುತ್ತ ಇದ್ದವರೆಲ್ಲಾ ನಕ್ಕರು. ತನ್ನ ತಂಡ ಯಾವುದು ಅಂತಲೇ ತಿಳಿಯದಿದ್ದವಳನ್ನು ಮತ್ತೆ ಆಡಿಸಿದ್ದು ಸರಿಯೇ?

ಅಲ್ಲಿ ಇದ್ದವರು ಕೆಟ್ಟವರಲ್ಲ. ಅವಳ ಜೊತೆ ಬಂದಿದ್ದ ಮೇಷ್ಟ್ರು ಒಬ್ಬರೇ. ತಂಡ ಕರೆದುಕೊಂಡು ಬಂದವರೂ ಅವರೇ, ಊಟದ ಚೀಟಿ ಹಂಚಿದವರೂ ಅವರೇ. ಪಕ್ಕದ ಅಂಕಣದಲ್ಲಿ ಸೀಟಿ ಊದುತ್ತಿದ್ದವರೂ ಅವರೇ. ಗೆಲ್ಲಬೇಕು ಅನ್ನುವವರೂ, ಆಡಬೇಡ ಅನ್ನಬೇಕಾದವರೂ ಒಬ್ಬರೇ ಆದರೆ ಆ ಎರಡನೇ ಮಾತು ಬಾಯಿಂದ ಹೊರಡುವುದು ಕಷ್ಟ. ಅಮೆರಿಕದವರು ಈ ಎರಡು ಕೆಲಸವನ್ನು ಇಬ್ಬರಿಗೆ ಹಂಚಿದ್ದಾರೆ. ಕೆಲವು ಕಡೆ ಟ್ರೇನರ್‌ಗೆ ಸಂಬಳ ಕೊಡುವುದು ಶಾಲೆಯಲ್ಲ, ಆಸ್ಪತ್ರೆ. ಹಾಗಿದ್ದಾಗ ಕೋಚ್ ಎಷ್ಟೇ ಸಿಟ್ಟಾದರೂ ಅವರು ಹೆದರಬೇಕಾಗಿಲ್ಲ. ಹಾಗಂತ ಅಲ್ಲಿ ಎಲ್ಲಾ ಬಂಗಾರ ಅಂತ ತಿಳಿಯಬೇಡಿ. ಸುಮಾರು ಮೂರನೇ ಒಂದು ಭಾಗ ಹೈಸ್ಕೂಲುಗಳಲ್ಲಿ ಟ್ರೇನರ್ ಇಲ್ಲ. ಇಲ್ಲದವುಗಳಲ್ಲಿ ಹೆಚ್ಚಿನವು ಬಡವರ ಶಾಲೆಗಳು, ಹಳ್ಳಿ ಶಾಲೆಗಳು. ಅದು ಎಲ್ಲಾ ದೇಶದಲ್ಲೂ ಒಂದೇ ಕಥೆ ಅಂತ ಕಾಣುತ್ತೆ.

ಇನ್ನು ಬಿಸಿಲಿನ ವಿಷಯ. ನಮ್ಮ ಕ್ರೀಡಾಕೂಟ ನಡೆಯುವುದು ಮಳೆಗಾಲದಲ್ಲಿ, ಬಿಸಿಲೆಲ್ಲಿ ಬಂತು ಅಂತ ಕೇಳಬಹುದು. ಬೆವರು ಆರಿದರೆ ಮೈ ತಣ್ಣಗಾಗುತ್ತದೆ ಎಂದು ವಿಜ್ಞಾನದಲ್ಲಿ ಓದಿದ್ದೇವೆ. ಮೋಡ ಮುಸುಕಿ ಸೆಕೆ ಇದ್ದಾಗ ಬೆವರು ಸುರಿಯುತ್ತದೆ, ಆರುವುದಿಲ್ಲ. ಅದಕ್ಕೇ ಟ್ರೇನರುಗಳು ಇಟ್ಟುಕೊಳ್ಳುವ ಮಾಪಕದಲ್ಲಿ ಮಾಮೂಲಿ ಥರ್ಮಾಮೀಟರ್ ಜೊತೆಗೆ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರೂ, ಬಿಸಿಲಿನ ಕಾವು ಹಿಡಿಯುವ ಕಪ್ಪು ಗುಂಡೂ ಇರುತ್ತವೆ. ಮೂರನ್ನೂ ಸೇರಿಸಿ ಲೆಕ್ಕ ಹಾಕಿ ಇವತ್ತು ಅಭ್ಯಾಸ ಎಷ್ಟು ಹೊತ್ತು, ನೀರಿಗೆ ಎಷ್ಟು ಸಲ ಬಿಡಬೇಕು ಅಂತ ತೀರ್ಮಾನಿಸುತ್ತಾರೆ. ರಜೆ ಮುಗಿಸಿ ಬಂದ ಮಕ್ಕಳನ್ನು ಒಮ್ಮೆಗೇ ಓಡಿಸುವುದೂ ಇಲ್ಲ. ಮೈ ಸೆಕೆಗೆ ಒಗ್ಗಲು 14 ದಿನ ಕೊಡಬೇಕು, ಮೊದಲ 5 ದಿನ ದಿನಕ್ಕೆ ಒಂದೇ ಅಭ್ಯಾಸ, ಎಂದು 2009ರಲ್ಲಿ ಅವರ ಸಂಘ ಸೂಚನೆ ಕೊಟ್ಟಿತು. ನಾವು? ಬೇಸಿಗೆ ರಜೆಯಲ್ಲಿ ಮಾವಿನಹಣ್ಣು ತಿಂದುಕೊಂಡಿದ್ದು, ಶಾಲೆ ಶುರುವಾದ ವಾರಕ್ಕೇ 3000 ಮೀಟರ್.

ಹೀಟ್ ಸ್ಟ್ರೋಕ್ ಅಂದರೆ ಬರೀ ತಲೆಸುತ್ತಲ್ಲ. ಮೈಯೊಳಗಿನ ಕಾವು 40 ಡಿಗ್ರಿ ದಾಟಿ ಮಿದುಳು ಕೈಕೊಡುತ್ತದೆ. ಏನೇನೋ ಮಾತಾಡುವುದು, ತೂರಾಡುವುದು, ಆಮೇಲೆ ಎಚ್ಚರ ತಪ್ಪುವುದು. ಕೋರಿ ಸ್ಟ್ರಿಂಗರ್ ಎಂಬ ಅಮೆರಿಕದ ಆಟಗಾರ, ದೊಡ್ಡ ಸಂಬಳದ ದೊಡ್ಡ ಆಳು, 2001ರ ಆಗಸ್ಟ್ 1ರಂದು ಇದರಿಂದಲೇ ತೀರಿಕೊಂಡರು. ವಯಸ್ಸು 27. ಮುಂದೆ 2010ರಲ್ಲಿ ಅವರ ಹೆಸರಿನಲ್ಲಿ ಕನೆಕ್ಟಿಕಟ್ ವಿಶ್ವವಿದ್ಯಾಲಯದಲ್ಲಿ ಒಂದು ಸಂಸ್ಥೆ ಆಯಿತು. ಆಟದಲ್ಲಿ ಇಂಥ ಸಾವು ತಪ್ಪಿಸುವುದೇ ಅದರ ಕೆಲಸ. ಅಂಥವರು ಹೇಳುವ ಮಾತು ಇಷ್ಟೇ: ಮೊದಲು ತಣಿಸಿ, ಆಮೇಲೆ ಆಸ್ಪತ್ರೆಗೆ ಸಾಗಿಸಿ. ಅರ್ಧ ಗಂಟೆಯೊಳಗೆ ತಣಿಸಬೇಕು. ಮ್ಯಾಸಚೂಸೆಟ್ಸ್ ರಾಜ್ಯದ ಫಾಲ್‌ಮತ್ ಎಂಬಲ್ಲಿ ಆಗಸ್ಟ್ ಸೆಕೆಯಲ್ಲಿ 7 ಮೈಲಿ ಓಟದ ಸ್ಪರ್ಧೆ ನಡೆಯುತ್ತದೆ. 18 ವರ್ಷಗಳ ಸ್ಪರ್ಧೆಗಳ ಲೆಕ್ಕ ತೆಗೆದರೆ 274 ಜನಕ್ಕೆ ಹೀಟ್ ಸ್ಟ್ರೋಕ್ ಆಗಿತ್ತು. ಅಲ್ಲೇ ಐಸ್ ಹಾಕಿದ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ತಣಿಸಿದರು. 274 ಜನವೂ ಬದುಕಿದರು. ಒಬ್ಬರೂ ಸಾಯಲಿಲ್ಲ.

ನಮ್ಮಲ್ಲಿ ಯಾರಾದರೂ ಬಿದ್ದರೆ ಏನು ಮಾಡುತ್ತೇವೆ? ಸುತ್ತ ಕೋಟೆ ಕಟ್ಟಿದಂತೆ ನಿಂತು ಗಾಳಿ ತಡೆಯುತ್ತೇವೆ. ಈರುಳ್ಳಿ ಮೂಸಿಸುತ್ತೇವೆ. ಕೈಗೆ ಕಬ್ಬಿಣ ಕೊಡುತ್ತೇವೆ. ಎಚ್ಚರವಿಲ್ಲದವರ ಬಾಯಿಗೆ ನೀರು ಹುಯ್ಯುವವರೂ ಇದ್ದಾರೆ. ಅದು ಉಸಿರಿನ ಕೊಳವೆಗೆ ಹೋದರೆ ಏನು ಗತಿ! ತೊಟ್ಟಿ ಎಲ್ಲಿಂದ ತರೋಣ ಅನ್ನಬೇಡಿ. ತೊಟ್ಟಿ ಇಲ್ಲದ ಕಡೆ ಟ್ರೇನರುಗಳು ಟಾರ್ಪಾಲು ಬಳಸುತ್ತಾರೆ. ಬಿದ್ದವರನ್ನು ಟಾರ್ಪಾಲಿನ ಮೇಲೆ ಮಲಗಿಸಿ, ಸುತ್ತ ಅಂಚು ಎತ್ತಿ ಹಿಡಿದು, ಐಸ್ ನೀರು ಸುರಿದು ಅಲುಗಾಡಿಸುವುದು. ಒಬ್ಬರು ತಲೆಯನ್ನು ನೀರಿನಿಂದ ಮೇಲೆ ಹಿಡಿದಿರಬೇಕು, ಅಷ್ಟೇ. ರಾಗಿ ಒಣಗಿಸುವ ಟಾರ್ಪಾಲು ನಮ್ಮಲ್ಲಿ ಯಾರ ಮನೆಯಲ್ಲಿಲ್ಲ? ಐಸ್ ಸಿಗದಿದ್ದರೆ ಬೋರ್‌ವೆಲ್ ನೀರನ್ನೇ ಬಿಡದೆ ಸುರಿಯುತ್ತಾ ಗಾಳಿ ಹಾಕುತ್ತಿರಬೇಕು. ಅಷ್ಟರಲ್ಲಿ ಒಬ್ಬರು 108ಕ್ಕೆ ಫೋನು ಮಾಡಿರಬೇಕು.

ಉಳುಕಿನ ಬಗ್ಗೆ ಬರೆದರೆ ನಮ್ಮಜ್ಜಿಗೆ ಕೋಪ ಬರುತ್ತೆ. ಆದರೂ ಬರೀತೀನಿ. ಕಾಲು ಉಳುಕಿದ ಕೂಡಲೇ ಎಣ್ಣೆ ಹಾಕಿ ನೀವಿ ಲಟಕ್ ಅಂತ ಎಳೆಯುವುದು ಬೇಡ. ಟ್ರೇನರ್ ಮೊದಲು ಮೂಳೆ ಮೇಲೆ ಒತ್ತಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಯಲು ಹೇಳುತ್ತಾರೆ. ನಡೆಯಲು ಆಗದಿದ್ದರೆ ಎಕ್ಸ್-ರೇ ತೆಗೆಸಬೇಕು, ಮೂಳೆ ಬಿರುಕು ಬಿಟ್ಟಿರಬಹುದು. ಬಿರುಕು ಬಿಟ್ಟ ಮೂಳೆಯನ್ನು ಎಳೆದರೆ ಏನಾಗುತ್ತೆ ಅಂತ ಬೇರೆ ಹೇಳಬೇಕಾಗಿಲ್ಲ. ನೋವು ಇಳಿದ ಮೇಲೂ ಒಂಟಿ ಕಾಲಲ್ಲಿ ನಿಲ್ಲಿಸಿ, ಕುಂಟಿಸಿ, ನೇರ ಓಡಿಸಿ, ಆಮೇಲೆ ಅಂಕುಡೊಂಕು ಓಡಿಸಿ ನೋಡಿದ ಮೇಲೇ ಆಟಕ್ಕೆ ಬಿಡುವುದು. ಉಳುಕಿದ ಕಾಲೇ ಮತ್ತೆ ಮತ್ತೆ ಉಳುಕುವುದು ಯಾಕೆ ಅಂತ ನಮ್ಮ ಕಬಡ್ಡಿ ಹುಡುಗರು ಕೇಳುತ್ತಿರುತ್ತಾರಲ್ಲ, ಇದಕ್ಕೇ.

ಹುಡುಗಿಯರ ಮಾತು ಒಂದಿದೆ, ಸಂಕೋಚವಾದರೂ ಬರೆಯಲೇಬೇಕು. ಅಮೆರಿಕದಲ್ಲಿ ಈ ಕೆಲಸದಲ್ಲಿರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರು. ಇಲ್ಲಿ ತಿಂಗಳ ಹೊಟ್ಟೆನೋವಿದ್ದ ದಿನ ನಾವು ಯಾರಿಗೆ ಹೇಳುವುದು? ಪಿ.ಟಿ. ಮೇಷ್ಟ್ರಿಗೆ ಹೇಳೋಕಾಗಲ್ಲ. ಹೇಳದಿದ್ದರೆ ಸೋಮಾರಿ ಅನ್ನಿಸಿಕೊಳ್ಳಬೇಕು. ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯನ್ನು ಕಿಟಕಿಯಿಂದಾಚೆ ಎಸೆಯುವವರು ಯಾರು ಯಾರು ಅಂತ ನನಗೆ ಗೊತ್ತು, ಹೆಸರು ಬರೆಯುವುದಿಲ್ಲ. ಅದು ಕಬ್ಬಿಣಾಂಶದ ಮಾತ್ರೆ. ರಕ್ತ ಕಡಿಮೆ ಇದ್ದರೆ ಬೇಗ ಏದುಸಿರು ಬರುತ್ತೆ. ಬೆಳಿಗ್ಗೆ ತಿಂಡಿ ತಿನ್ನದೆ ಬಂದು ಬಿಸಿಯೂಟದ ತನಕ ಬರಿಹೊಟ್ಟೆಯಲ್ಲಿ ಓಡುವವರಿಗಂತೂ ಕೇಳಲೇಬೇಡಿ.

ನಮ್ಮ ಶಾಲೆಗೆ ಅಂಥ ಹುದ್ದೆ ಮಂಜೂರು ಮಾಡಿ ಎಂದು ಅರ್ಜಿ ಹಾಕೋಣ ಅಂತ ನಾನು ಹೇಳುತ್ತಿಲ್ಲ. ಕನ್ನಡ ಮೇಡಂ ಹೋದ ಮೇಲೆ ಆ ಜಾಗಕ್ಕೇ ಇನ್ನೂ ಯಾರೂ ಬಂದಿಲ್ಲ. ಆದರೆ ಆ ಹುದ್ದೆಯ ಒಂದು ಅಧಿಕಾರವನ್ನು ನಾವು ದುಡ್ಡಿಲ್ಲದೆ ತರಬಹುದು. ಆಟದ ದಿನ ತಂಡಕ್ಕೆ ಸೇರದ ಒಬ್ಬ ಮೇಡಂ ಅಥವಾ ಮೇಷ್ಟ್ರು ಮೈದಾನದ ಅಂಚಿನಲ್ಲಿ ಕೂರಬೇಕು. ಅವರು ಸ್ಕೋರು ಬರೆಯಬಾರದು, ಸೀಟಿ ಊದಬಾರದು, ಮಕ್ಕಳನ್ನು ಮಾತ್ರ ನೋಡಬೇಕು. ಅವರು "ಈ ಮಗು ಆಡಬೇಡ" ಅಂದರೆ ಪಿ.ಟಿ. ಮೇಷ್ಟ್ರೂ, ಹೆಡ್ ಮಾಸ್ಟರೂ, ಆ ಮಗುವೂ ಎದುರು ಮಾತಾಡಬಾರದು. ಫೈನಲ್ ಆದರೂ ಅಷ್ಟೇ. ಆಗ ನಮ್ಮ ಪಿ.ಟಿ. ಮೇಷ್ಟ್ರಿಗೂ ಒಂದು ಭಾರ ಇಳಿಯುತ್ತೆ.

ಶಾಲಾ ಸಂಸತ್ತಿನಲ್ಲಿ ಆರೋಗ್ಯ ಮಂತ್ರಿ ಅಂತ ಒಬ್ಬ ಇದ್ದಾನೆ. ಸೋಮವಾರ ಉಗುರು ನೋಡುವುದು ಬಿಟ್ಟರೆ ಅವನಿಗೆ ಬೇರೆ ಕೆಲಸ ಇಲ್ಲ (ಅವನೂ ಓದಲಿ ಅಂತಲೇ ಬರೆದಿದ್ದೇನೆ). ಒಂದು ಚೀಲದಲ್ಲಿ ಎರಡು ಕ್ರೇಪ್ ಬ್ಯಾಂಡೇಜು, ಕತ್ತರಿ, ಹತ್ತಿ, ಓ.ಆರ್.ಎಸ್. ಪೊಟ್ಟಣಗಳು, ಒಂದು ಲೀಟರ್ ಬಾಟಲಿ ಇಟ್ಟು ಅವನಿಗೆ ಒಪ್ಪಿಸಬಹುದು. ಬಸ್ ಸ್ಟ್ಯಾಂಡ್ ಬೇಕರಿಯಲ್ಲಿ ಫ್ರಿಜ್ ಇದೆ, ಕ್ರೀಡಾಕೂಟದ ದಿನ ಐಸ್ ಕೊಡುತ್ತೀರಾ ಅಂತ ಮೊದಲೇ ಕೇಳಿಟ್ಟುಕೊಳ್ಳಬಹುದು. ಉದ್ದ ಓಟಗಳನ್ನು ಅತಿಥಿಗಳ ಭಾಷಣ ಮುಗಿಯುವ ತನಕ ಕಾಯಿಸದೆ ಬೆಳಿಗ್ಗೆ 9ಕ್ಕೆ ಮೊದಲೇ ಮುಗಿಸಬಹುದು. ಅತಿಥಿಗಳು ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ ಬಿಡಿ.

ಬರುವ ಶನಿವಾರ ಸಂಸತ್ತಿನ ಸಭೆಯಲ್ಲಿ ಇದನ್ನು ಇಡುತ್ತೇನೆ. ಟಾರ್ಪಾಲು ನಮ್ಮ ಮನೆಯಿಂದ ತರುತ್ತೇನೆ, ಅಪ್ಪ ಒಪ್ಪಿದ್ದಾರೆ, ಸುಗ್ಗಿ ಹೊತ್ತಿಗೆ ವಾಪಸ್ ಕೊಡಬೇಕಂತೆ. ಅಂಚಿನಲ್ಲಿ ಕೂರುವ ಮೇಡಂ ಯಾರು ಅಂತ ಗುರುಗಳೇ ತೀರ್ಮಾನಿಸಬೇಕು.

ಖೋ ಖೋ ತಂಡದವಳು,
10ನೇ ತರಗತಿ