ಹಳೆಯ ಅಳತೆಗೋಲು, ಹೊಸ ನಕ್ಷೆ

ಹೊಸ ಯಂತ್ರ ಬಂದೊಡನೆ ಹಳೆಯ ವಿಧಾನವು ನಿರುಪಯುಕ್ತವೆಂಬ ಭಾವನೆ ನಮ್ಮ ವಿದ್ಯಾರ್ಥಿಗಳಲ್ಲಿ ಬಲವಾಗಿದೆ. ಅದು ಸರಿಯಲ್ಲವೆಂಬುದಕ್ಕೆ ಮೆಕ್ಸಿಕೋ ದೇಶದ ಆಕ್ಸೊಲಾಟಲ್ ಎಂಬ ಸಾಲಮಾಂಡರ್ ಸಾಕ್ಷಿ.

ಕಡಿದುಹೋದ ಕಾಲನ್ನು ಮರಳಿ ಬೆಳೆಸಿಕೊಳ್ಳಬಲ್ಲ ಈ ಪ್ರಾಣಿಯ ವಂಶಲಿಪಿಯಲ್ಲಿ, ಎಂದರೆ ಜೀನೋಮಿನಲ್ಲಿ, ಸುಮಾರು 3,200 ಕೋಟಿ ಅಕ್ಷರಗಳಿವೆ. ಮಾನವನದರ ಹತ್ತು ಪಟ್ಟು. 2018ರಲ್ಲಿ ಯಂತ್ರಗಳು ಅದನ್ನು ಓದಿದುವು. ಆದರೆ ಒಂದೇ ಬಗೆಯ ಸಾಲುಗಳು ಮತ್ತೆ ಮತ್ತೆ ಬರುವುದರಿಂದ ದೊರೆತುದು ಬಿಡಿ ತುಣುಕುಗಳ ರಾಶಿ.

ಇದಕ್ಕೆ ಕ್ರಮವನ್ನು ಕೊಟ್ಟ ವಿಧಾನವನ್ನು ಸ್ಟರ್ಟವೆಂಟ್ 1913ರಲ್ಲಿಯೇ ಹಣ್ಣುನೊಣದಲ್ಲಿ ತೋರಿಸಿದ್ದನು. ಒಂದೇ ವರ್ಣತಂತುವಿನಲ್ಲಿ ಹತ್ತಿರವಿರುವ ಜೀನುಗಳು ಸಾಮಾನ್ಯವಾಗಿ ಒಟ್ಟಿಗೇ ಸಂತತಿಗೆ ಸಾಗುತ್ತವೆ. ದೂರವಿದ್ದಷ್ಟೂ ಹೆಚ್ಚಾಗಿ ಅಗಲುತ್ತವೆ. ಎಷ್ಟು ಮರಿಗಳಲ್ಲಿ ಅಗಲಿವೆಯೆಂದು ಎಣಿಸಿದರೆ ದೂರ ತಿಳಿಯುತ್ತದೆ. ಅಮೆರಿಕದ ಕೆಂಟಕಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಆಕ್ಸೊಲಾಟಲನ್ನು ಹುಲಿ ಸಾಲಮಾಂಡರಿನೊಡನೆ ಸಂಕರಗೊಳಿಸಿ, ಮರಿಗಳಲ್ಲಿ ಈ ಎಣಿಕೆಯನ್ನು ನಡೆಸಿ, 2019ರಲ್ಲಿ ತುಣುಕುಗಳನ್ನು 14 ಜೊತೆ ವರ್ಣತಂತುಗಳಿಗೆ ಹೊಂದಿಸಿದರು. ಈ ನಕ್ಷೆಯನ್ನು ಕೋಳಿಯ ನಕ್ಷೆಯೊಡನೆ ಹೋಲಿಸಿದಾಗ, ಸುಮಾರು 35 ಕೋಟಿ ವರ್ಷಗಳ ಹಿಂದೆ ಬೇರೆಯಾದ ಈ ಎರಡು ವಂಶಗಳಲ್ಲಿ ಅನೇಕ ಜೀನುಗಳು ಇಂದಿಗೂ ಹಳೆಯ ನೆರೆಹೊರೆಯಲ್ಲಿಯೇ ಇರುವುದು ಕಾಣುತ್ತದೆ.

ತಾರೆಯ ದೂರವನ್ನು ಕೋನದಿಂದ ಅಳೆಯುವ ಬಗೆಯನ್ನು ಬೋಧಿಸುವ ನಮಗೆ, ಮರಿಗಳ ಎಣಿಕೆಯಿಂದ ಜೀನುಗಳ ದೂರವನ್ನು ಅಳೆಯುವುದು ಅಷ್ಟೇ ಸುಂದರವಾಗಿ ಕಾಣುತ್ತದೆ. ಆದರೆ ನಮ್ಮ ತರಗತಿಗಳಲ್ಲಿ ಸಹಲಗ್ನತೆಯು ಮೆಂಡಲನ ನಿಯಮಕ್ಕೆ ಒಂದು ಅಪವಾದವಾಗಿ, ಪರೀಕ್ಷೆಯ ಒಂದು ಪ್ರಶ್ನೆಯಾಗಿ ಮುಗಿಯುತ್ತಿದೆ. ಅದನ್ನು ಅಳತೆಗೋಲೆಂದೇ ಬೋಧಿಸಬೇಕು. ಅವರೆಯ ಕಾಳುಗಳನ್ನಾದರೂ ಸರಿ, ವಿದ್ಯಾರ್ಥಿಗಳು ತಮ್ಮ ಕೈಯಿಂದ ಎಣಿಸಲಿ. ಓದಲು ಯಂತ್ರವುಂಟು, ಓದಿದುದನ್ನು ಕ್ರಮಗೊಳಿಸುವ ವಿವೇಕವನ್ನು ನಾವೇ ಬೆಳೆಸಬೇಕು.